ಗರ್ಭಿಣಿಯರು ನೇರವಾಗಿ ಬನ್ನಿ

ಮಾರ್ಚ್ 3, ಸೋಮವಾರ

ಎರಡು ಗೆರೆ ಬಂತು. ಕಡ್ಡಿಯನ್ನು ಹಳೇ ಕಾಗದದಲ್ಲಿ ಸುತ್ತಿ ಬೀದಿ ಕೊನೆಯ ಕಸದ ತೊಟ್ಟಿಗೆ ಹಾಕಿ ಬಂದೆ. ಯಾರಿಗೂ ಹೇಳುವುದಿಲ್ಲ.

ಹೋದ ಸಲ ಗೆರೆ ಕಂಡ ದಿನವೇ ಕುಣಿದಾಡಿಕೊಂಡು ಹೇಳಿದ್ದೆ. ಸಂಜೆಯೊಳಗೆ ಅತ್ತೆ ಮೂರು ಬೀದಿಗೆ ಸುದ್ದಿ ಮುಟ್ಟಿಸಿದ್ದರು. ಮೂರನೇ ತಿಂಗಳಿಗೆ ಕಾಲಿಡುವ ಮೊದಲೇ ಹೋಯಿತು. ಆಗಲೂ ಅದೇ ಮೂರು ಬೀದಿಗೆ ಅವರೇ ಹೋಗಿ ಹೇಳಿದರು: "ಆ ಹಡಗು ಹತ್ತಿ ಕಳ್ಕೊಂಡಳು." ಎರಡು ವರ್ಷವಾಯಿತು. ಇವತ್ತಿಗೂ ನಲ್ಲಿ ಹತ್ತಿರ ಹೆಂಗಸರು ನನ್ನನ್ನು ನೋಡಿ ದನಿ ತಗ್ಗಿಸುತ್ತಾರೆ. ತಗ್ಗಿಸಿದ್ದು ನನಗೆ ಕೇಳಲಿ ಅಂತಲೇ ತಗ್ಗಿಸುತ್ತಾರೆ.

ಗಂಡನಿಗೂ ಹೇಳುವುದಿಲ್ಲ. ಇವರ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆ, ಮುಖದಲ್ಲಿ ನಿಲ್ಲುವುದಿಲ್ಲ. ಅವರಮ್ಮನ ಎದುರು ಐದು ನಿಮಿಷ ಕೂತರೆ ಸಾಕು, ಅತ್ತೆ ಓದಿಬಿಡುತ್ತಾರೆ.

ನಾನು ಕೆಲಸ ಮಾಡುವ ಆಟದ ಪಾರ್ಕಿನಲ್ಲಂತೂ ಉಸಿರೆತ್ತುವ ಹಾಗಿಲ್ಲ. ಟಿಕೆಟ್ ಕೊಡುತ್ತಿದ್ದವಳ ಹೊಟ್ಟೆ ಕಂಡ ವಾರವೇ "ನಿಮ್ಮ ಸುರಕ್ಷತೆಗೆ" ಅಂತ ಮನೆಗೆ ಕಳಿಸಿದರು. ಅವಳು ಮಗು ಎತ್ತಿಕೊಂಡು ವಾಪಸ್ ಬಂದಾಗ ಕುರ್ಚಿಯಲ್ಲಿ ಬೇರೆಯವಳು ಕೂತಿದ್ದಳು. ನಾನು ಆರು ವರ್ಷ ಗೇಟಿನಲ್ಲಿ ನಿಂತು, ಗಂಟಲು ಹರಿದುಕೊಂಡು, ಆಮೇಲೆ ಹಡಗಿನ ಗೂಡಿಗೆ ಬಂದವಳು. ನೀರೇ ಇಲ್ಲದ ಕಡೆ ನಿಂತಲ್ಲೇ ಆಕಾಶಕ್ಕೂ ನೆಲಕ್ಕೂ ತೂಗುವ ಹಡಗು, ಅದನ್ನು ನಡೆಸುವ ಗುಂಡಿಗಳಿರುವ ಗಾಜಿನ ಗೂಡು. ಅದನ್ನು ಬಿಟ್ಟುಕೊಡುವವಳು ನಾನಲ್ಲ.

ಮಾರ್ಚ್ 5, ಬುಧವಾರ

ಕೆಲಸಕ್ಕೆ ಹೋಗುವ ಮೊದಲೇ ಡಾಕ್ಟರಮ್ಮನನ್ನು ನೋಡಿ ಬಂದೆ. "ಹಡಗು ನಡೆಸಿ, ಬೇಡ ಅನ್ನಲ್ಲ. ಹತ್ತಬೇಡಿ" ಅಂದರು.

"ಹತ್ತಿದ್ರೆ ಏನಾಗುತ್ತೆ, ಸರಿಯಾಗಿ ಹೇಳಿ" ಅಂದೆ.

"ಸರಿಯಾಗಿ ಯಾರಿಗೂ ಗೊತ್ತಿಲ್ಲಮ್ಮ. ಬಸುರಿಯರನ್ನ ಕೂರಿಸಿ ಯಾರು ಪರೀಕ್ಷೆ ಮಾಡ್ತಾರೆ? ದಿಢೀರ್ ಅಂತ ಎತ್ತಿ ಇಳಿಸಿದ್ರೆ, ಕಂಬಿ ಒತ್ತಿದ್ರೆ, ಒಳಗೆ ಮಗುವಿನ ಮಾಸು ಬಿಟ್ಟುಕೊಂಡು ರಕ್ತ ಹೋಗಬಹುದು. ತಿಂಗಳು ತುಂಬಿದಷ್ಟೂ ಆ ಭಯ ಜಾಸ್ತಿ. ಗೊತ್ತಿಲ್ಲ ಅನ್ನೋದಕ್ಕೇ ಬೇಡ ಅನ್ನೋದು."

"ಹಾಗಾದ್ರೆ ಹೋದ ಸಲದ್ದು?"

"ಅಷ್ಟು ಬೇಗ ಹೋಗೋದು ಸಾಮಾನ್ಯವಾಗಿ ಬೀಜದಲ್ಲೇ ಇರೋ ತೊಂದರೆಯಿಂದ. ಹಡಗಿನಿಂದ ಇರಲಾರದು."

ಇರಲಾರದು! ಇದೂ ಒಂದು ಉತ್ತರವೇ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಎರಡು ವರ್ಷದಿಂದ ನಾನು "ಅಲ್ಲ" ಅನ್ನುವ ಒಂದು ಮಾತಿಗೆ ಕಾಯುತ್ತಿದ್ದೇನೆ, ಇವರು "ಇರಲಾರದು" ಅನ್ನುತ್ತಾರೆ. ಎದ್ದು ಬಂದೆ. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿದೆ.

ಆಮೇಲೆ ಬೋಣಿಯ ಕತೆ ನೋಡಿಕೊಳ್ಳಬೇಕಿತ್ತು. ಬೆಳಿಗ್ಗೆ ಜನ ಬರುವ ಮೊದಲು, ಅವತ್ತು ಹಡಗು ನಡೆಸುವವರೇ ಒಂದು ಸುತ್ತು ಕೂತು ನೋಡಬೇಕು, ಅದು ಕಟ್ಟಳೆ. ಮೈಗೆ ಗೊತ್ತಾಗುವುದು ಕಣ್ಣಿಗೆ ಗೊತ್ತಾಗುವುದಿಲ್ಲ ಅಂತ. ಆ ಮೊದಲ ಸುತ್ತಿಗೆ ನಾವು ಬೋಣಿ ಅನ್ನುತ್ತೇವೆ. ಗೇಟಿನಲ್ಲಿ ನಿಲ್ಲುವವಳನ್ನು, ನಾವೆಲ್ಲ ಸೀಟಿ ಅಂತಲೇ ಕರೆಯುವವಳನ್ನು, ಕೇಳಿದೆ. "ಮಂಡಿ ನೋವು, ನನ್ನ ಬದಲು ನೀನು ಕೂರ್ತೀಯಾ?"

"ಯಾವ ಮಂಡಿ ಅಕ್ಕ?" ಅಂದಳು.

"ಎಡಗಡೇದು."

"ಈಗಷ್ಟೇ ಬಲಗಡೆ ಕುಂಟುತ್ತಿದ್ರಿ" ಅಂತ ನಕ್ಕು ಹೋಗಿ ಕೂತಳು. ಈ ಹುಡುಗಿಗೆ ನಾಲಿಗೆ ಉದ್ದ.

ಮಾರ್ಚ್ 8, ಶನಿವಾರ

ಇವರಿಗೆ ಏನಾಗಿದೆಯೋ! ಗಾಡಿಯಲ್ಲಿ ನನ್ನನ್ನು ಪಾರ್ಕಿಗೆ ಬಿಡುವಾಗ ರಸ್ತೆಯಲ್ಲಿ ಒಂದು ಗುಂಡಿ ಕಂಡರೆ ಸಾಕು, ನಿಲ್ಲಿಸಿ, ನನ್ನನ್ನು ಇಳಿಸಿ, ಗಾಡಿ ತಳ್ಳಿಕೊಂಡು ದಾಟಿಸಿ ಮತ್ತೆ ಹತ್ತಿಸುತ್ತಾರೆ. "ಶಾಕ್ ಅಬ್ಸಾರ್ಬರ್ ಹೋಗಿದೆ" ಅಂತೆ. ನಮ್ಮ ರಸ್ತೆಯಲ್ಲಿ ಗುಂಡಿ ಬಿಟ್ಟು ಬೇರೆ ಏನಿದೆ? ಎರಡು ದಿನ ತಡವಾಗಿ ಹೋಗಿ ಮ್ಯಾನೇಜರ ಕೈಯಲ್ಲಿ ಬೈಸಿಕೊಂಡೆ. ರಿಪೇರಿ ಮಾಡಿಸಿ ಅಂದರೆ ತಲೆಯಾಡಿಸುತ್ತಾರೆ. ಮಾಡಿಸುವುದಿಲ್ಲ. ಜೊತೆಗೆ ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿಕೊಳ್ಳುವುದು ಬೇರೆ ಶುರು ಮಾಡಿದ್ದಾರೆ. ಒಳಗೆ ಏನು ಗುಟ್ಟೋ.

ಮಾರ್ಚ್ 11, ಮಂಗಳವಾರ

ಪಿತ್ತ ನೆತ್ತಿಗೇರಿದೆ. ಅಕ್ಷರ ಹೇಗಾದರೂ ಬರಲಿ.

ಸಾಲು ಉದ್ದ ಅಂತ ಜನ ದೂರು ಕೊಟ್ಟರಂತೆ. ಆಫೀಸಿನವರು ಹೊಸ ಬೋರ್ಡು ಬರೆಸಿದ್ದಾರೆ: "ಹಿರಿಯರು, ಅಂಗವಿಕಲರು, ಗರ್ಭಿಣಿಯರು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ನೇರವಾಗಿ ಬನ್ನಿ." ತಿಂಡಿ ಅಂಗಡಿಗೆ ಸರಿ, ಶೌಚಾಲಯಕ್ಕೆ ಸರಿ. ಆದರೆ ಬೋರ್ಡು ಹಾಕಲು ಬಂದವರು ಲೆಕ್ಕ ಮಾಡದೆ ಎಲ್ಲೆಲ್ಲಿ ಮೊಳೆ ಕಂಡಿತೋ ಅಲ್ಲೆಲ್ಲ ನೇತುಹಾಕಿ ಹೋಗಿದ್ದಾರೆ. ನನ್ನ ಹಡಗಿನ ಗೇಟಿನಲ್ಲಿ ಇದ್ದ ಮೊಳೆಯಲ್ಲಿ ಏನಿತ್ತು? "ಗರ್ಭಿಣಿಯರು ಹತ್ತಬಾರದು" ಅನ್ನುವ ಹಳೇ ಬೋರ್ಡು. ಅದರ ಮೇಲೇ ಇದು, ಅಂಚಿಗೆ ಅಂಚು ಕೂಡುವ ಹಾಗೆ.

ಮ್ಯಾನೇಜರ ಹತ್ತಿರ ಓಡಿದೆ. "ಸಾರ್, ಬಸುರಿಯರನ್ನ ಹಡಗಿಗೆ ಕೈ ಬೀಸಿ ಕರೀತಾ ಇದೀವಿ!"

"ಬೋರ್ಡು ಮೇಲಿನಿಂದ ಬಂದದ್ದಮ್ಮ. ನಾನೇ ಕಿತ್ತರೆ ನಾಳೆ ನನ್ನ ಕೇಳ್ತಾರೆ. ಬರೆದು ಕಳಿಸ್ತೀನಿ."

ಕೈ ತೊಳೆದುಕೊಂಡರು. ನಾನೇ ಕೀಳಲು ಹೋದೆ. ಕಾವಲಿನವನು ಅಡ್ಡ ಬಂದ. ಟಿಕೆಟಿನವಳ ಹೊಟ್ಟೆಗೆ ಕುರ್ಚಿಯಲ್ಲಿ ಕೂತರೂ ಅಪಾಯ, ದುಡ್ಡು ಕೊಟ್ಟು ಬಂದವಳ ಹೊಟ್ಟೆಗೆ ಹಡಗೂ ಅಪಾಯವಲ್ಲ!

ಮಾರ್ಚ್ 14, ಶುಕ್ರವಾರ

ಊರಿನ ಹುಡುಗಿಯರಿಗೆಲ್ಲ ಒಮ್ಮೆಗೇ ಬಸಿರು ನಿಂತಿದೆ. ಕಾಲೇಜು ಚೀಲವನ್ನು ದುಪಟ್ಟಾದ ಒಳಗೆ ತುರುಕಿಕೊಂಡು, ಸೊಂಟದ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ಅಮ್ಮಾ" ಅಂತ ನರಳುತ್ತಾ ಸಾಲು ದಾಟಿ ಬರುತ್ತಾರೆ. ಒಬ್ಬಳಿಗೆ ಹಡಗಿನ ಮೆಟ್ಟಿಲಲ್ಲೇ ಹೆರಿಗೆಯಾಗಿ ಟಿಫಿನ್ ಡಬ್ಬಿ ಉರುಳಿತು. ಜನ ಬಿದ್ದು ಬಿದ್ದು ನಕ್ಕರು. ಸೀಟಿಯೂ ಅವರ ಜೊತೆ ಸೇರಿ, "ಬನ್ನಿ ತಾಯಂದಿರಾ, ಯಾರಿಗೆ ಎಷ್ಟು ತಿಂಗಳು?" ಅಂತ ಕೂಗುತ್ತಾಳೆ.

"ನಗೋ ವಿಷಯ ಅಲ್ಲ ಇದು" ಅಂದೆ.

"ಅಕ್ಕ, ಯಾರು ನಿಜ, ಯಾರು ಸುಳ್ಳು ಅಂತ ನಾನೇನು ಸೆರಗು ಎತ್ತಿ ನೋಡ್ಲಾ?"

ಅದೂ ನಿಜವೇ. ನಿಜದವಳು ಬಂದರೂ ಈಗ ಯಾರೂ ನಂಬುವುದಿಲ್ಲ.

ಹುಡುಗಿಯರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎರಡು ತೂಗು ಹೆಚ್ಚಿಗೆ ತೂಗಿಸಿದೆ. ಅದನ್ನೂ ಖುಷಿಯಾಗಿ ಚಪ್ಪಾಳೆ ತಟ್ಟಿ ಅನುಭವಿಸಿದರು.

ಮಾರ್ಚ್ 15, ಶನಿವಾರ

ಸುಸ್ತು. ವಾಂತಿ. ಗೂಡಿನಲ್ಲಿ ಡಬ್ಬಿ ಇಟ್ಟುಕೊಂಡಿದ್ದೇನೆ. ಇದು ನನ್ನನ್ನು ತಿಂದುಹಾಕುತ್ತಿದೆ.

ಮಾರ್ಚ್ 18, ಮಂಗಳವಾರ

ಒಬ್ಬಳು ದಿನಾ ಬರುತ್ತಿದ್ದಾಳೆ. ಕರಿ ಕೊಡೆ ಹಿಡಿದು ಒಬ್ಬಳೇ. ಮೊನ್ನೆ ಹತ್ತಿದಳು, ನಿನ್ನೆಯೂ ಹತ್ತಿದಳು, ಎರಡೆರಡು ಸಲ. ಹೆಂಗಸರು ಒಬ್ಬರೇ ಬರುವುದು ಅಪರೂಪ, ಅದಕ್ಕೇ ಕಣ್ಣಿಗೆ ಬಿದ್ದಳು. ಕಿರುಚುವುದಿಲ್ಲ, ನಗುವುದಿಲ್ಲ. ಪ್ರತಿ ಸಲವೂ ಹಡಗಿನ ಬಾಲದ ಕೊನೆಯ ಸಾಲೇ ಬೇಕು ಅನ್ನುತ್ತಾಳಂತೆ, ಎಲ್ಲಕ್ಕಿಂತ ಎತ್ತರಕ್ಕೆ ಹೋಗುವ ಸಾಲು. ಇಳಿಯುವಾಗ ಮುಖ ಸುಣ್ಣದ ಹಾಗೆ. ದುಡ್ಡು ಕೊಟ್ಟು ಇಂಥ ಸಂಕಟ ಯಾಕೆ ಪಡುತ್ತಾಳೋ.

ಮಾರ್ಚ್ 19, ಬುಧವಾರ

ಆದದ್ದು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಆ ಕೊಡೆಯವಳು ಮತ್ತೆ ಬಂದಳು. ಬಿಸಿಲಲ್ಲಿ ಉದ್ದ ಸಾಲಿನ ತುದಿಯಲ್ಲಿ ನಿಂತಳು. ಚೀಲ ತುರುಕಿಕೊಂಡವರು ಒಬ್ಬೊಬ್ಬರಾಗಿ ಅವಳನ್ನು ದಾಟಿ ಮುಂದೆ ಹೋಗುತ್ತಿದ್ದರು. ಇವಳು ನಡುವೆ ಒಮ್ಮೆ ಸಾಲು ಬಿಟ್ಟು, ಗಿಡದ ಹಿಂದೆ ಹೋಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಮತ್ತೆ ತುದಿಗೇ ಬಂದು ನಿಂತಳು. ನಾನು ಗೂಡಿನಿಂದ ನೋಡುತ್ತಲೇ ಇದ್ದೆ. ನಾನೂ ಗೂಡಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

ಕೊನೆಯ ಸಾಲಿನಲ್ಲಿ ಕೂತಳು. ಎಲ್ಲರ ತೊಡೆಯ ಮೇಲೂ ಕಂಬಿ ಇಳಿಯಿತು. ಸಾಲು ಸಾಲಾಗಿ ನನ್ನ ಮುಂದೆ ಹಸಿರು ದೀಪ ಹತ್ತಿತು, ಕೊನೆಯದೊಂದು ಬಿಟ್ಟು. ಕಂಬಿ ಪೂರ್ತಿ ಕೂರದೆ ದೀಪ ಹತ್ತುವುದಿಲ್ಲ. ಸೀಟಿ ಹೋಗಿ ಒತ್ತಿದಳು. ಅವಳು ಎರಡೂ ಕೈಯಲ್ಲಿ ಕಂಬಿ ತಡೆದು "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಿದ್ದಳು. ಗಾಳಿಗೆ ಅವಳು ಹೊದ್ದಿದ್ದ ಶಾಲು ಸರಿಯಿತು. ಅದು ಚೀಲವಲ್ಲ. ನಾಲ್ಕು ತಿಂಗಳು, ಹೆಚ್ಚೆಂದರೆ ಐದು.

ಸುಳ್ಳು ಬಸುರಿಯರೆಲ್ಲ ಡಂಗುರ ಹೊಡೆದುಕೊಂಡು ನುಗ್ಗುತ್ತಿರುವಾಗ ನಿಜದವಳು ಬಾಯಿ ಮುಚ್ಚಿಕೊಂಡು ಸಾಲಿನಲ್ಲಿ ನಿಂತಿದ್ದಳು!

ನಾನು ಗುಂಡಿಯಿಂದ ಕೈ ತೆಗೆದೆ. ಮೈಕಿನಲ್ಲಿ ಹೇಳಿದೆ: "ಕೊನೇ ಸಾಲಿನ ಅಮ್ಮ, ಇಳಿಯಿರಿ. ಬಸುರಿಯರು ಹತ್ತಬಾರದು."

"ನಾನು ಬಸುರಿ ಅಲ್ಲ" ಅಂತ ಅಲ್ಲಿಂದಲೇ ಕೂಗಿದಳು.

ಜನಕ್ಕೆ ಮಜವೋ ಮಜ. "ಬೋರ್ಡು ಓದ್ರೀ, ನೇರವಾಗಿ ಬನ್ನಿ ಅಂತಿದೆ!" "ನಾವೆಲ್ಲ ಬಸುರಿಯರೇ, ಬಿಡ್ರೀ ಹಡಗು!" ಗಂಡಸರೂ ಹೊಟ್ಟೆ ಮುಂದೆ ಮಾಡಿ ಕೂಗತೊಡಗಿದರು. ಮ್ಯಾನೇಜರು ಓಡಿ ಬಂದು ಗೂಡಿನ ಬಾಗಿಲಲ್ಲಿ ನಿಂತರು. "ಅಲ್ಲ ಅಂತ ಅವರೇ ಹೇಳ್ತಿದಾರಲ್ಲ, ನಿಮಗೇನು ಕಷ್ಟ? ಬಿಡಿ ಹಡಗು."

ನನ್ನ ಬಾಯಿಗೆ ಬೀಗ ಹಾಕಿಕೊಂಡು ಎಷ್ಟು ದಿನವಾಗಿತ್ತೋ, ಎಲ್ಲ ಒಡೆದುಹೋಯಿತು. ಮೈಕು ಕೈಯಲ್ಲೇ ಇತ್ತು. "ಬಿಡಲ್ಲ! ನಾನೂ ಬಸುರಿ. ನಡೆಸೋಳು ನಾನೇ ಹತ್ತಲ್ಲ, ಇವಳನ್ನ ಹೇಗೆ ಹತ್ತಿಸಲಿ?"

ಎಲ್ಲ ನನ್ನ ಕಡೆ ತಿರುಗಿದರು. ಆಮೇಲೆ ನಕ್ಕರು. ಹಡಗಿನ ತುಂಬ, ಸಾಲಿನ ಉದ್ದಕ್ಕೂ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಬ್ಬಳು ಬಂದ್ಲಪ್ಪೋ!" ಅಂತ ಯಾರೋ ಕೂಗಿದ. "ಚೀಲ ತೋರಿಸಕ್ಕಾ!"

ಇಷ್ಟು ದಿನ ಯಾರಿಗೂ ಹೇಳದೆ ಕಾಪಾಡಿಕೊಂಡಿದ್ದ ಮಾತು. ಅದನ್ನು ನಾನೇ ಊರಿನ ಬಾಯಿಗೆ ಎಸೆದೆ, ಅವರು ನಕ್ಕರು. ಅಲ್ಲಿದ್ದವರನ್ನೆಲ್ಲ ಕಡಿದು ಹಾಕುವಷ್ಟು ಸಿಟ್ಟು ಬಂತು.

ನಗದವರು ಇಬ್ಬರೇ, ಸೀಟಿ ಮತ್ತು ಆ ಕೊಡೆಯವಳು. ಅವಳು ತಾನೇ ಕಂಬಿ ಎತ್ತಿ ಇಳಿದು, ನನ್ನ ಕಡೆ ಉರಿಗಣ್ಣು ಬಿಟ್ಟು, ಹೋಗಿಬಿಟ್ಟಳು. ಸೀಟಿ ನೆಟ್ಟಗೆ ಹೋಗಿ ಹೊಸ ಬೋರ್ಡನ್ನು ಕಿತ್ತು ನೆಲಕ್ಕೆ ಹಾಕಿದಳು. ಕಾವಲಿನವನು ಈ ಸಲ ಅಡ್ಡ ಬರಲಿಲ್ಲ.

ಮ್ಯಾನೇಜರು ಕರೆದು "ನಿಜವೇ?" ಅಂದರು. ಹೌದು ಅಂದೆ. "ಹಾಗಾದರೆ ನಾಳೆಯಿಂದ ಬರಬೇಡಿ, ನಿಮ್ಮ ಸುರಕ್ಷತೆಗೆ."

"ಗೂಡು ನೆಲದ ಮೇಲಿದೆ ಸಾರ್, ತೂಗೋದು ಹಡಗು" ಅಂದೆ. ಯೋಚನೆ ಮಾಡುತ್ತಾರಂತೆ.

ಮನೆಗೆ ಬಂದು ಇವರಿಗೆ ಹೇಳಿದೆ. "ಗೊತ್ತು" ಅಂದರು. ಯಾವಾಗಿಂದ ಅಂದರೆ, ನಾನು ಕಸ ಹಾಕಲು ಬೀದಿ ಕೊನೆಯವರೆಗೆ ನಡೆದುಕೊಂಡು ಹೋದ ದಿನದಿಂದ. "ಯಾವತ್ತೂ ಕಸ ಹಾಕದವಳು" ಅಂದರು. ಗಾಡಿಗೆ ಏನೂ ಆಗಿಲ್ಲವಂತೆ. ಇಷ್ಟು ದಿನ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದ ಮನುಷ್ಯನಿಗೆ ಏನು ಹೇಳುವುದು? ಅದಕ್ಕೂ ಬೈದೆ. ಬೈಯಿಸಿಕೊಂಡು ಅನ್ನ ಬಡಿಸಿದರು.

ಮಾರ್ಚ್ 21, ಶುಕ್ರವಾರ

ಪಾರ್ಕಿನಲ್ಲಿ ಉಳಿದ ಬಟ್ಟೆ, ಡಬ್ಬಿ ತರಲು ಹೋಗಿದ್ದೆ. ಕೆಲಸದವರ ಬಾಗಿಲಿನ ಹೊರಗೆ ಆ ಕೊಡೆಯವಳು ನಿಂತಿದ್ದಳು. ಜಗಳಕ್ಕೆ ಬಂದಿದ್ದಾಳೆ ಅಂದುಕೊಂಡು ನಾನೂ ಸೆರಗು ಸಿಕ್ಕಿಸಿದೆ.

"ಎಲ್ಲರೂ ನಕ್ರು, ನಾನು ನಂಬಿದೆ" ಅಂದಳು. "ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ಜನ ಇಲ್ಲದಾಗ ನನ್ನೊಬ್ಬಳನ್ನೇ ಕೂರಿಸಿ. ಒಂದೇ ಒಂದು ಸಲ."

ನನಗೆ ಅರ್ಥವೇ ಆಗಲಿಲ್ಲ. "ಹುಚ್ಚಾ ನಿಮಗೆ? ಮಗುಗೆ ಏನಾದ್ರೂ ಆದ್ರೆ?"

"ಆಗಲಿ ಅಂತಲೇ."

ಎರಡು ಮಕ್ಕಳಿವೆಯಂತೆ. ಚಿಕ್ಕದು ಇನ್ನೂ ಗೋಡೆ ಹಿಡಿದು ನಡೆಯುತ್ತದೆ. ಇದು ಮೂರನೆಯದು. ಮನೆಯಲ್ಲಿ ಬೇಡ ಅನ್ನುವ ಹಾಗಿಲ್ಲ, ಡಾಕ್ಟರ ಹತ್ತಿರ ಹೋದರೆ ಗೊತ್ತಾಗುತ್ತದೆ ಅನ್ನುವ ಭಯ. ಎತ್ತಿದ ಕೈ ಅರ್ಧದಲ್ಲೇ ನಿಲ್ಲಿಸಿದೆ, ಇಲ್ಲದಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ. ನಾನು ಒಂದಕ್ಕಾಗಿ ಉಸಿರು ಬಿಗಿ ಹಿಡಿದು ಕೂತಿರುವಾಗ ಇವಳು ಕಳೆದುಕೊಳ್ಳಲು ಟಿಕೆಟ್ ತೆಗೆದುಕೊಂಡು ಬಂದಿದ್ದಾಳೆ.

"ಹಡಗು ಹತ್ತಿದ್ರೆ ಹೋಗುತ್ತೆ ಅಂತ ನಿನಗೆ ಯಾರು ಹೇಳಿದ್ದು?"

"ನಲ್ಲಿ ಹತ್ರ ಎಲ್ಲರೂ ಹೇಳ್ತಾರೆ. ಇಲ್ಲೇ ಕೆಲಸ ಮಾಡೋ ಒಬ್ಬಳಿಗೆ ಹಾಗೇ ಹೋಯ್ತಂತೆ. ಕೊನೇ ಸಾಲಲ್ಲಿ ಕೂತ್ರೆ ಗ್ಯಾರಂಟಿ ಅಂತೆ."

ನನ್ನ ಮಗು ಹೋದದ್ದು ಈ ಊರಿನಲ್ಲಿ ಒಂದು ಔಷಧಿಯಾಗಿ ಓಡಾಡುತ್ತಿದೆ! ನಾನು ಅತ್ತದ್ದನ್ನು ಇವರು ಒಬ್ಬರಿಗೊಬ್ಬರು ಉಪಾಯ ಅಂತ ಹೇಳಿಕೊಡುತ್ತಿದ್ದಾರೆ. ಯಾರ ಮೇಲೆ ಎಂದು ಕೂಗಾಡಲಿ? ಎದುರಿಗೆ ಇದ್ದವಳು ಇವಳೊಬ್ಬಳೇ, ತುಟಿ ಒಡೆದು, ಕಣ್ಣು ಗುಳಿಬಿದ್ದು.

"ಅವಳು ನಾನೇ" ಅಂದೆ. "ಹಡಗಿನಿಂದ ಹೋದದ್ದಲ್ಲ ಅದು."

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಡಾಕ್ಟರಮ್ಮ ಹೇಳಿದ್ದು ಇಷ್ಟು ಗಟ್ಟಿಯಾಗಿ ಅಲ್ಲ.

ಅವಳು ಕೊಡೆ ಹಿಡಿದುಕೊಂಡೇ ಕುಸಿದು ಕೂತಳು. ಮೊನ್ನೆಯಿಂದ ಸ್ವಲ್ಪ ರಕ್ತ ಕಾಣುತ್ತಿದೆ ಅಂದಳು. ಆಟೋ ನಿಲ್ಲಿಸಿ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡೇ ಹೋದೆ. ಅವರು ನೋಡಿ, ಬೈದು, ಆಮೇಲೆ ಮೆತ್ತಗೆ ಹೇಳಿದರು. "ಹೀಗೆ ಮಾಡಿದ್ರೆ ಅದು ಹೋಗುತ್ತೆ ಅಂತ ಇಲ್ಲ, ನೀನು ಹೋಗ್ತೀಯ. ಬೇಡ ಅನ್ನಿಸಿದ್ರೆ ಅದನ್ನ ಹೇಳೋ ಜಾಗ ಇದು. ನಿನ್ನ ಗಂಡನಿಗೆ ನಾನು ಹೇಳಬೇಕಾಗಿಲ್ಲ." ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ. ಅದು ಅವಳ ಮಾತು.

ಕಾಯುವ ಬೆಂಚಿನ ಮೇಲೆ ಕೂತು ಹೊಟ್ಟೆಯಲ್ಲಿರುವ ನಿನಗೆ ಸಮಾಧಾನ ಹೇಳುತ್ತಿದ್ದೆ, ಮನಸ್ಸಿನಲ್ಲೇ. ಹೆದರಬೇಡ, ಇದು ನಮ್ಮ ಜಗಳವಲ್ಲ ಅಂತ.

ಮಾರ್ಚ್ 22, ಶನಿವಾರ

ಬೆಳಿಗ್ಗೆ ಮ್ಯಾನೇಜರ ಫೋನು. ನಾಳೆ ಭಾನುವಾರ, ಜನ ಜಾಸ್ತಿ, ಗೂಡಿಗೆ ಬನ್ನಿ, ಹತ್ತುವುದು ಬೇಡ ಅಂತ. ಭಾನುವಾರದ ಜನ ನೆನೆದು ಅವರ ಯೋಚನೆ ಬೇಗ ಮುಗಿಯಿತು. "ಹೆರಿಗೆ ಆದ ಮೇಲೂ ಗೂಡು ನನ್ನದೇ ಅಂತ ಬರೆದುಕೊಡಿ, ಬರ್ತೀನಿ" ಅಂದೆ. ಗೊಣಗಿದರು. ಕೊಡುತ್ತಾರೆ, ಎಲ್ಲಿ ಹೋಗುತ್ತಾರೆ.

ಆಮೇಲೆ ನೆಟ್ಟಗೆ ಅತ್ತೆಯ ಮನೆಗೆ ಹೋದೆ. ಹಿಂದಿನ ಬೀದಿಯಲ್ಲೇ. ಅವರು ಕಾಳು ಆರಿಸುತ್ತಿದ್ದರು. ಸುದ್ದಿ ಮುಟ್ಟಿತ್ತು. "ಈಗಲಾದ್ರೂ ಆ ಹಡಗಿನ ಕಡೆ ತಲೆ ಹಾಕ್ಬೇಡ. ಹೋದ ಸಲ..." ಅಂತ ಶುರು ಮಾಡಿದರು.

"ಹೋದ ಸಲದ ಮಾತು ನೀವು ಎತ್ತಬೇಡಿ ಅತ್ತೆ!" ನನ್ನ ದನಿಗೆ ಮೊರದ ಕಾಳು ಚೆಲ್ಲಿತು. ಕೊಡೆಯವಳು ಯಾರು ಅಂತ ಹೇಳದೆ ಅವಳ ಕತೆಯನ್ನೆಲ್ಲ ಹೇಳಿದೆ. "ನೀವು ಊರಿಗೆಲ್ಲ ಸಾರಿದ್ರಲ್ಲ, ಅದನ್ನ ಕೇಳಿಕೊಂಡು ಒಬ್ಬಳು ಸಾಯೋಕೆ ಬಂದಿದ್ದಳು. ಎರಡು ವರ್ಷ ನನ್ನನ್ನ ಕೊಲೆಗಾರ್ತಿ ಮಾಡಿದ್ದು ಸಾಲಲಿಲ್ಲವಾ?"

ಅತ್ತೆ ಚೆಲ್ಲಿದ ಕಾಳನ್ನು ಬಳಿದು ಮೊರಕ್ಕೆ ಹಾಕಿದರು. ಆಮೇಲೆ ತಲೆ ಎತ್ತದೆ ಹೇಳಿದರು:

"ಅವತ್ತು ಎಲ್ಲರೂ ನಿನ್ನ ಹೊಟ್ಟೇನೇ ಸರಿ ಇಲ್ಲ ಅಂತ ಆಡ್ಕೊಳ್ತಿದ್ರು. ನನ್ನ ಮಗನಿಗೆ ಬೇರೆ ಹೆಣ್ಣು ನೋಡು ಅಂತ ಒಬ್ಬಳು ನನ್ನ ಮುಖಕ್ಕೇ ಹೇಳಿದ್ಳು. ಹೊಟ್ಟೆದಲ್ಲ, ಹಡಗಿಂದು ಅಂದೆ. ಹಡಗಿಗೆ ಏನು, ಕಬ್ಬಿಣ, ಬೈಸಿಕೊಳ್ಳುತ್ತೆ ಅಂದ್ಕೊಂಡೆ."

ನಾನು ನಿಂತೇ ಇದ್ದೆ. ಸಿಟ್ಟು ಇಳಿಯಲಿಲ್ಲ. ಇಳಿಯಬೇಕಿತ್ತೇನೋ, ಇಳಿಯಲಿಲ್ಲ. "ನನಗೆ ಹೇಳಬೇಕಿತ್ತು" ಅಂದೆ.

"ಹೇಳಿದ್ರೆ, ಅವರು ಆಡಿದ್ದನ್ನೂ ಹೇಳಬೇಕಾಗ್ತಿತ್ತು."

"ಏಳಿ. ಎಲ್ಲೆಲ್ಲಿ ಹೇಳಿದ್ರೋ ಅಲ್ಲೆಲ್ಲ ಬಂದು ಅಲ್ಲ ಅಂತ ಹೇಳಿ. ಈಗಲೇ."

ಬರುವುದಿಲ್ಲ ಅಂದುಕೊಂಡಿದ್ದೆ. ಅತ್ತೆ ಎದ್ದು, ಕಾಲಿಗೆ ಚಪ್ಪಲಿ ಹಾಕಿಕೊಂಡು, ನನಗಿಂತ ಮುಂದೆ ನಡೆದರು. ನಲ್ಲಿಯ ಎದುರಿನ ಮನೆಯ ಬಾಗಿಲು ತಟ್ಟಿದರು. ಆ ಮನೆಯಾಕೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ನಮ್ಮ ಸೊಸೆಗೆ ಹೋದ ಸಲ ಹೋದದ್ದು ಹಡಗಿನಿಂದ ಅಲ್ಲ" ಅಂದರು ಅತ್ತೆ, ಪಾಠ ಒಪ್ಪಿಸುವ ಹಾಗೆ. "ಬಸುರಿಯರು ಹತ್ತಬಾರದು, ಅದು ಬೇರೆ. ಇವಳದ್ದು ಅದರಿಂದ ಹೋದದ್ದಲ್ಲ."

"ಹೌದಾ? ಮತ್ತೆ ಯಾತರಿಂದ?" ಅಂದಳು ಆಕೆ, ಒಂದು ಹೆಜ್ಜೆ ಮುಂದೆ ಬಂದು.

ಅತ್ತೆ ನನ್ನ ಮುಖ ನೋಡಿದರು.

"ಯಾತರಿಂದಲೂ ಅಲ್ಲ" ಅಂದೆ ನಾನು. "ಹೋಯಿತು, ಅಷ್ಟೇ."

ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಎರಡು ವರ್ಷದಲ್ಲಿ ಅದಕ್ಕಾಗಿ ನಾನು ಅತ್ತಾಗೆಲ್ಲ ನನ್ನ ಮೇಲಿನ ಸಿಟ್ಟಿಗೆ ಅತ್ತಿದ್ದೆ. ಇವತ್ತು ಆ ಮಗು ಇಲ್ಲವಲ್ಲ ಅಂತ ಅಳುತ್ತಿದ್ದೆ, ಪರರ ಮನೆಯ ಹೊಸ್ತಿಲಲ್ಲಿ ನಿಂತು, ಮೂಗು ಸೋರುವ ಹಾಗೆ. ಅತ್ತೆ ತಮ್ಮ ಸೆರಗಿನ ತುದಿ ಕೊಟ್ಟರು. ಒರೆಸಿಕೊಂಡು, ಪಕ್ಕದ ಮನೆಯ ಬಾಗಿಲನ್ನು ನಾನೇ ತಟ್ಟಿದೆ.